ವಜಾ ಮಾಡಲು ಎರಡೇ ಸಾಲು, ವಾಪಸ್ ಬರಲು ಎಷ್ಟು ವರ್ಷ?

ಡಿಸ್ಮಿಸ್ ಆರ್ಡರ್ ಅನ್ನುವ ಕಾಗದ ಬಹಳ ದೊಡ್ಡದೇನಲ್ಲ. ಮೇಲೆ ಒಂದು ನಂಬರು, ಪಕ್ಕದಲ್ಲಿ ಒಂದು ತಾರೀಖು. ನಡುವೆ ಎರಡು ಸಾಲು: ಆರೋಪ ಸಾಬೀತಾಗಿದೆ, ಆದ್ದರಿಂದ ಸೇವೆಯಿಂದ ವಜಾ. ಕೆಳಗೆ ಸಾಹೇಬರ ಸಹಿ, ಗುಂಡನೆಯ ಮೊಹರು. ಮುಗಿಯಿತು. ಆ ಎರಡು ಸಾಲಿನಿಂದ ಒಂದು ಮನೆಯ ರೇಷನ್ನು, ಮಕ್ಕಳ ಫೀಸು, ಮುದುಕರ ಔಷಧ, ಕಿರಾಣಿ ಅಂಗಡಿಯ ಉದ್ರಿ ಎಲ್ಲವೂ ಒಂದೇ ದಿನ ನಿಂತುಬಿಡುತ್ತದೆ.

ಕಾಗದದಲ್ಲಿ ಬರೆದ ಕಾರಣ ನಿಜವೂ ಇರಬಹುದು. ಕದ್ದವರು, ಕುಡಿದು ಗಾಡಿ ಹತ್ತಿದವರು, ಲೆಕ್ಕ ಮುಚ್ಚಿಟ್ಟವರು ಇಲ್ಲವೇ ಇಲ್ಲ ಅಂತ ಯಾರೂ ಹೇಳುವುದಿಲ್ಲ. ಆದರೆ ಎಷ್ಟೋ ಸಲ ಕಾಗದದ ಮೇಲಿನ ಕಾರಣವೇ ಬೇರೆ, ಮನಸ್ಸಿನೊಳಗಿನ ಕಾರಣವೇ ಬೇರೆ. ಒಬ್ಬ ಸಂಘ ಕಟ್ಟಿದ. ಇನ್ನೊಬ್ಬ ಓವರ್‌ಟೈಮ್ ದುಡ್ಡು ಕೇಳಿದ. ಮತ್ತೊಬ್ಬ, ಪಿ.ಎಫ್. ಕಟ್ಟಿಲ್ಲ ಅಂತ ಇನ್‌ಸ್ಪೆಕ್ಟರಿಗೆ ಅರ್ಜಿ ಬರೆದ. ಇಂಥವರನ್ನು ಮನೆಗೆ ಕಳಿಸುವಾಗ 'ಇವನು ಸಂಘ ಕಟ್ಟಿದ್ದಕ್ಕೆ ತೆಗೆದೆವು' ಅಂತ ಬರೆಯುವಷ್ಟು ದಡ್ಡ ಮಾಲೀಕ ಯಾರೂ ಇಲ್ಲ. ಬರೆಯುವುದು 'ತಡವಾಗಿ ಬಂದ', 'ಮೇಲಿನವರಿಗೆ ಎದುರು ಮಾತಾಡಿದ', 'ಹೇಳದೆ ಕೇಳದೆ ಗೈರುಹಾಜರಾದ' ಅಂತ.

ಸೇಡು ಎಂದೂ ತನ್ನ ಹೆಸರು ಬರೆಯುವುದಿಲ್ಲ. ಆದರೆ ತಾರೀಖನ್ನು ಬರೆಯಲೇಬೇಕಾಗುತ್ತದೆ. ಅನ್ಯಾಯದ ವಜಾ ಕೇಸುಗಳು ಕಾರ್ಮಿಕ ನ್ಯಾಯಾಲಯದಲ್ಲಿ ಬಹುಮಟ್ಟಿಗೆ ಗೆಲ್ಲುವುದೂ ಸೋಲುವುದೂ ಆ ತಾರೀಖುಗಳ ಮೇಲೆ. ಸಂಘದ ಅರ್ಜಿ ಕೊಟ್ಟ ದಿನ ಯಾವುದು, ಚಾರ್ಜ್‌ಶೀಟು ಬಂದ ದಿನ ಯಾವುದು? ಅಲ್ಲಿಯವರೆಗೆ ಎಷ್ಟು ವರ್ಷ ಒಂದೂ ಮೆಮೋ ಇಲ್ಲದೆ ಕೆಲಸ ಮಾಡಿದ? ಈ ಲೆಕ್ಕ ಕಾಗದದಲ್ಲಿ ತೋರಿಸಬಲ್ಲವನಿಗೆ ನ್ಯಾಯದ ಬಾಗಿಲು ಸ್ವಲ್ಪ ತೆರೆಯುತ್ತದೆ. ಬರೀ ಕಣ್ಣೀರು ತೋರಿಸಿದವನಿಗೆ ಇಲ್ಲ.

ಸೇಡು ಅಂದರೆ ಯಾವುದು?

ಇದನ್ನು ಕಾಯಿದೆ ಊಹೆಗೆ ಬಿಟ್ಟಿಲ್ಲ. 1947ರ ಕೈಗಾರಿಕಾ ವಿವಾದಗಳ ಕಾಯಿದೆಗೆ 1982ರಲ್ಲಿ ಮಾಡಿದ ತಿದ್ದುಪಡಿ 1984ರ ಆಗಸ್ಟ್‌ನಲ್ಲಿ ಜಾರಿಗೆ ಬಂತು. ಐದನೇ ಪರಿಶಿಷ್ಟ ಅಂತ ಒಂದು ಪಟ್ಟಿ ಸೇರಿತು. ಮಾಲೀಕರು ಮಾಡಬಾರದ್ದು ಏನು, ಸಂಘಗಳು ಮಾಡಬಾರದ್ದು ಏನು ಎಂಬ ಪಟ್ಟಿ. ಕೆಲಸದಿಂದ ತೆಗೆಯುವುದರ ಬಗ್ಗೆ ಅದರಲ್ಲಿ ಬಿಡಿಸಿ ಹೇಳಿದೆ: ಸೇಡಿಗಾಗಿ ತೆಗೆಯುವುದು, ಸುಳ್ಳು ಸಾಕ್ಷಿ ಹುಟ್ಟಿಸಿ ಕ್ರಿಮಿನಲ್ ಕೇಸಿನಲ್ಲಿ ಸಿಕ್ಕಿಸಿ ತೆಗೆಯುವುದು, ಮೇಲ್ನೋಟಕ್ಕೇ ಸುಳ್ಳಾದ ಕಾರಣ ಕೊಟ್ಟು ತೆಗೆಯುವುದು, ಗೈರುಹಾಜರಿಯ ಕಟ್ಟುಕತೆ ಕಟ್ಟಿ ತೆಗೆಯುವುದು, ವಿಚಾರಣೆಯಲ್ಲಿ ಸಹಜ ನ್ಯಾಯ ಗಾಳಿಗೆ ತೂರಿ ಅವಸರ ಅವಸರವಾಗಿ ತೆಗೆಯುವುದು, ಸಣ್ಣ ತಪ್ಪಿಗೆ ಹಿಂದಿನ ಸೇವೆಯನ್ನೂ ನೋಡದೆ ದೊಡ್ಡ ಶಿಕ್ಷೆ ಕೊಟ್ಟು ತೆಗೆಯುವುದು. ಇವೆಲ್ಲ ಅನುಚಿತ ಕಾರ್ಮಿಕ ಪದ್ಧತಿ.

ಹಳೇ ಕಾಯಿದೆಯ ಜಾಗಕ್ಕೆ ಈಗ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. 2025ರ ನವೆಂಬರ್ 21ರಿಂದ ಅದು ಜಾರಿ. ಪಟ್ಟಿಯನ್ನು ಸಂಹಿತೆ ಕೈಬಿಟ್ಟಿಲ್ಲ, ಎರಡನೇ ಪರಿಶಿಷ್ಟದಲ್ಲಿ ಇಟ್ಟುಕೊಂಡಿದೆ. ಬದಲಾದದ್ದು ಶಿಕ್ಷೆ. ಮೊದಲು ತಪ್ಪಿತಸ್ಥನಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ 1,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಅಂತ ಇತ್ತು. ಈಗ ಜೈಲಿನ ಮಾತಿಲ್ಲ. 10,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಜೇಬಿಗೆ ಮೊದಲಿಗಿಂತ ಬಿಸಿ ಹೆಚ್ಚು, ಮೈಗೆ ಭಯ ಕಡಿಮೆ.

ಪಟ್ಟಿ ಇದೆ ಅಂತ ಕೇಸು ತಾನಾಗಿ ಗೆಲ್ಲುವುದಿಲ್ಲ. 1975ರಲ್ಲೇ ಸುಪ್ರೀಂ ಕೋರ್ಟು ಒಂದು ತೀರ್ಪಿನಲ್ಲಿ ಇದನ್ನು ಬಿಚ್ಚಿ ಹೇಳಿದೆ. ಸೇಡಿನ ಆರೋಪ ಮಾಲೀಕನ ಮೇಲೆ ಹೊರಿಸುವ ಗಂಭೀರ ಆರೋಪ, ಸುಮ್ಮನೆ ಒಂದು ಸಾಲು ಬರೆದರೆ ಸಾಲದು, ವಿವರ ಕೊಡಬೇಕು, ಸಾಬೀತು ಮಾಡುವ ಹೊಣೆಯೂ ಆರೋಪ ಮಾಡಿದವನದೇ. ಅದೇ ತೀರ್ಪು ಇನ್ನೊಂದು ಮಾತನ್ನೂ ಹೇಳಿತು: ಬುದ್ಧಿ ಸ್ಥಿಮಿತದಲ್ಲಿರುವ ಯಾರೂ ಕೊಡದಂಥ ಘೋರ ಶಿಕ್ಷೆ ಕೊಟ್ಟರೆ ಅದೂ ಸೇಡಿನ ಒಂದು ರೂಪವೇ.

ಇದಕ್ಕೆ ಹಳೆಯ ಉದಾಹರಣೆ ಒಂದಿದೆ. 1961ರ ಜನವರಿ 1 ಭಾನುವಾರ ಬಿತ್ತು. ಒಂದು ಕಂಪನಿಯ ಕಾರ್ಮಿಕರು, ಹೊಸ ವರ್ಷದ ರಜಾ ಭಾನುವಾರಕ್ಕೆ ನುಂಗಿಹೋಯಿತಲ್ಲ, ಸೋಮವಾರ ರಜಾ ಸಿಗಬೇಕು ಅಂತ ಸೋಮವಾರ ಕೆಲಸಕ್ಕೆ ಬರಲಿಲ್ಲ. ಕಂಪನಿ 11 ಜನರನ್ನು ವಜಾ ಮಾಡಿತು. ಒಂದು ದಿನದ ಗೈರುಹಾಜರಿಗೆ ಜೀವಮಾನದ ಕೆಲಸ! ಕೇಸು ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಎಚ್ಚರಿಕೆ ಕೊಡಬಹುದಿತ್ತು, ಹೆಚ್ಚೆಂದರೆ ದಂಡ ಹಾಕಬಹುದಿತ್ತು, ವಜಾ ಮಾಡುವುದು ಯಾವ ವಿವೇಕಿ ಮಾಲೀಕನೂ ಮಾಡದ ಕೆಲಸ ಅಂತ ಕೋರ್ಟು ಹೇಳಿತು. ಕಾರ್ಮಿಕರು ವಾಪಸ್ ಬಂದರು. ತಪ್ಪು ನಡೆದಿದೆಯೋ ಇಲ್ಲವೋ ಅನ್ನುವುದಷ್ಟೇ ಪ್ರಶ್ನೆಯಲ್ಲ, ತಪ್ಪಿಗೂ ಶಿಕ್ಷೆಗೂ ತೂಕ ಸರಿಯಿದೆಯೇ ಅನ್ನುವುದೂ ಪ್ರಶ್ನೆ.

ಕಂಡಕ್ಟರನ ಚೀಲದಲ್ಲಿ ಎರಡು ಕತೆ

ಬಸ್ಸಿನಲ್ಲಿ ಓಡಾಡುವವರಿಗೆ ಹತ್ತಿರದ ಸಂಗತಿ ಅಂದರೆ ಕಂಡಕ್ಟರ್ ಕೇಸು. ನಮ್ಮ ರಾಜ್ಯದ ಕಾರ್ಮಿಕ ನ್ಯಾಯಾಲಯಗಳಿಗೆ ಸಾರಿಗೆ ನೌಕರರೂ ಹೊಸಬರಲ್ಲ, ಸಾರಿಗೆ ಸಂಸ್ಥೆಯ ವಕೀಲರೂ ಹೊಸಬರಲ್ಲ. ನಡು ದಾರಿಯಲ್ಲಿ ಚೆಕಿಂಗ್ ಸ್ಕ್ವಾಡ್ ಹತ್ತುತ್ತದೆ. ಟಿಕೆಟ್ ಇಲ್ಲದವರು ಸಿಗುತ್ತಾರೆ. 'ದುಡ್ಡು ಕೊಟ್ಟಿದ್ದೇವೆ, ಟಿಕೆಟ್ ಕೊಡಲಿಲ್ಲ' ಅಂತ ಒಬ್ಬ. 'ಈಗಷ್ಟೇ ಹತ್ತಿದರ್ರೀ, ಗದ್ದಲದಾಗ ಕೊಡೋದರೊಳಗ ನೀವು ಬಂದ್ರಿ' ಅಂತ ಕಂಡಕ್ಟರು. ಮೆಮೋ ಬರೆದು ಸ್ಕ್ವಾಡ್ ಇಳಿದುಹೋಗುತ್ತದೆ. ಪ್ರಯಾಣಿಕ ತನ್ನ ಸ್ಟಾಪಿನಲ್ಲಿ ಇಳಿದು ಮನೆಗೆ ಹೋಗುತ್ತಾನೆ. ಆಮೇಲೆ ಅವನು ಯಾರ ಕೈಗೂ ಸಿಗುವುದಿಲ್ಲ.

ಪ್ರಯಾಣಿಕನ ಹೇಳಿಕೆ ಇಲ್ಲದೆ ಕಂಡಕ್ಟರನನ್ನು ತೆಗೆಯಬಹುದೇ? ಹರಿಯಾಣದ ಒಬ್ಬ ಕಂಡಕ್ಟರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1977ರಲ್ಲಿ ಉತ್ತರ ಕೊಟ್ಟಿತು. ಅಲ್ಲಿ 11 ಪ್ರಯಾಣಿಕರು ಟಿಕೆಟ್ ಇಲ್ಲದೆ ಸಿಕ್ಕಿದ್ದರು. ಯಾರೂ ಬರಹದಲ್ಲಿ ಹೇಳಿಕೆ ಕೊಡಲಿಲ್ಲ. ಒಳಗಿನ ವಿಚಾರಣೆಗೆ ಕೋರ್ಟಿನ ಸಾಕ್ಷ್ಯ ಕಾಯಿದೆಯ ಕಟ್ಟುನಿಟ್ಟು ಅನ್ವಯಿಸುವುದಿಲ್ಲ, ಪ್ರಯಾಣಿಕರನ್ನೇ ಕರೆತರಬೇಕೆಂದಿಲ್ಲ, ನಂಬಬಹುದಾದ ಒಂದಿಷ್ಟು ಸಾಕ್ಷ್ಯವಿದ್ದರೆ ಸಾಕು ಅಂತ ತೀರ್ಪಾಯಿತು. ಬಸ್ ನಿಲ್ದಾಣದಲ್ಲಿ ಪ್ರಯಾಣಿಕರ ಬೆನ್ನು ಹತ್ತಿ ಸಾಕ್ಷಿಗೆ ಎಳೆತರುವುದು ಆಗದ ಮಾತು ಅನ್ನುವುದು ಸಂಸ್ಥೆಯ ಕಷ್ಟ. ಸ್ಕ್ವಾಡಿನ ಒಂದೇ ಮಾತಿನ ಮೇಲೆ ತನ್ನ ಅನ್ನ ಹೋಗುತ್ತದೆ ಅನ್ನುವುದು ಕಂಡಕ್ಟರನ ಕಷ್ಟ. ಎರಡೂ ಸುಳ್ಳಲ್ಲ.

ಕರ್ನಾಟಕದ್ದೇ ಒಂದು ಕೇಸಿನಲ್ಲಿ 2001ರಲ್ಲಿ ಸುಪ್ರೀಂ ಕೋರ್ಟು ಸಾರಿಗೆ ಸಂಸ್ಥೆಯ ಕಡೆ ನಿಂತಿತು. ಕಂಡಕ್ಟರನೊಬ್ಬ ಸುಮಾರು 35 ಪ್ರಯಾಣಿಕರಿಂದ 2 ರೂಪಾಯಿ 25 ಪೈಸೆ ತೆಗೆದುಕೊಂಡು 1 ರೂಪಾಯಿ 75 ಪೈಸೆಯ ಟಿಕೆಟ್ ಕೊಟ್ಟಿದ್ದ ಅನ್ನುವುದು ಆರೋಪ. ತಲೆಗೆ ಐವತ್ತು ಪೈಸೆ. ಅಷ್ಟಕ್ಕೆ ಕೆಲಸ ಕಿತ್ತುಕೊಳ್ಳುವುದೇ ಅನ್ನಿಸಬಹುದು. ಕೋರ್ಟು ಹಾಗೆ ನೋಡಲಿಲ್ಲ. ಕಂಡಕ್ಟರನ ಕೆಲಸವೇ ನಂಬಿಕೆಯ ಮೇಲೆ ನಿಂತದ್ದು, ಮೊತ್ತ ಸಣ್ಣದು ಅಂತ ಕರುಣೆ ತೋರಿಸುವುದು ತಪ್ಪಾದ ಜಾಗದ ಕರುಣೆ ಎಂದಿತು.

ಆದ್ದರಿಂದ ವಜಾ ಆದವರೆಲ್ಲ ಹರಿಶ್ಚಂದ್ರನ ಮಕ್ಕಳು ಅಂತ ತಿಳಿಯಬೇಕಾಗಿಲ್ಲ. ಹಾಗೆಯೇ ವಜಾ ಮಾಡಿದವರೆಲ್ಲ ಧರ್ಮರಾಯನ ಸಂತಾನವೂ ಅಲ್ಲ. 2021ರ ಏಪ್ರಿಲ್ 7ರಂದು ಸಾರಿಗೆ ನೌಕರರು, ಆರನೇ ವೇತನ ಆಯೋಗದ ಪ್ರಕಾರ ಸಂಬಳ ಕೊಡಿ ಅಂತ ಮುಷ್ಕರ ಹೂಡಿದರು. ಎರಡು ವಾರ ಬಸ್ಸು ನಿಂತದ್ದು ಓದುಗರಿಗೆ ಮರೆತಿರಲಾರದು. ಹೈಕೋರ್ಟು ಮಧ್ಯೆ ಬಂದ ಮೇಲೆ ಬಸ್ಸು ಓಡಿತು. ಆದರೆ ಅಷ್ಟರಲ್ಲಿ ಅಮಾನತು, ವರ್ಗಾವಣೆ, ವಜಾ ಆದೇಶಗಳು ಹೊರಬಿದ್ದಿದ್ದವು. ಆ ಪೈಕಿ ಅನೇಕರು ಮುಂದಿನ ವರ್ಷ ಕೆಲಸಕ್ಕೆ ಮರಳಿದರು. ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ವಾಪಸ್ ತೆಗೆದುಕೊಳ್ಳಬಹುದಾದಷ್ಟು ಸಣ್ಣ ತಪ್ಪಾಗಿದ್ದರೆ ಮೊದಲು ವಜಾ ಮಾಡಿದ್ದು ಯಾಕೆ? ವಜಾ ಮಾಡುವಷ್ಟು ದೊಡ್ಡ ತಪ್ಪಾಗಿದ್ದರೆ ಆಮೇಲೆ ವಾಪಸ್ ತೆಗೆದುಕೊಂಡದ್ದು ಯಾಕೆ? ಈ ಎರಡು ಪ್ರಶ್ನೆಗಳ ನಡುವೆ ತಿಂಗಳುಗಟ್ಟಲೆ ಸಂಬಳವಿಲ್ಲದೆ ಬದುಕಿದ್ದು ಮಾತ್ರ ನೌಕರನ ಮನೆ.

ಕೋರ್ಟಿಗೆ ಮುಂಚಿನ ಕೋರ್ಟು

ಕೇಸಿನ ಅರ್ಧ ಹಣೆಬರಹ ಬರೆಯುವುದು ನ್ಯಾಯಾಧೀಶರಲ್ಲ, ಡಿಪೋದಲ್ಲೋ ಫ್ಯಾಕ್ಟರಿಯಲ್ಲೋ ನಡೆಯುವ ಒಳ ವಿಚಾರಣೆ. ಡೊಮೆಸ್ಟಿಕ್ ಎನ್‌ಕ್ವೈರಿ ಅಂತ ಕರೆಯುತ್ತಾರೆ. ಚಾರ್ಜ್‌ಶೀಟು ಕೊಡಬೇಕು. ಉತ್ತರಕ್ಕೆ ಸಮಯ ಕೊಡಬೇಕು. ಮ್ಯಾನೇಜ್‌ಮೆಂಟಿನ ಸಾಕ್ಷಿಗಳನ್ನು ನೌಕರನ ಎದುರಿಗೇ ವಿಚಾರಿಸಬೇಕು. ಪಾಟೀಸವಾಲಿಗೆ ಅವಕಾಶ ಕೊಡಬೇಕು. ತನ್ನ ಸಾಕ್ಷಿ ತರಲು ಬಿಡಬೇಕು. ವರದಿಯ ಪ್ರತಿ ಕೈಗೆ ಕೊಡಬೇಕು. ಇಷ್ಟು ಸರಿಯಾಗಿ ನಡೆದರೆ ವಿಚಾರಣೆ ಗಟ್ಟಿ.

ಇಲ್ಲಿಯೇ ಕಾರ್ಮಿಕರು ಎಡವುವುದು. ಚಾರ್ಜ್‌ಶೀಟು ಬಂದರೆ 'ನಾನು ತಗೊಳ್ಳೋದಿಲ್ಲ, ಹೋಗ್ರಿ' ಅಂತ ಸಿಟ್ಟಿನಲ್ಲಿ ತಿರಸ್ಕರಿಸುತ್ತಾರೆ. ಇಲ್ಲವೇ ಯಾರೋ ಗೆಳೆಯ ಹೇಳಿದ ಅಂತ ಕೈಬರಹದ ಕ್ಷಮಾಪಣೆ ಬರೆದು ಕೊಡುತ್ತಾರೆ. ಆ ಕ್ಷಮಾಪಣೆಯೇ ನಾಳೆ ತಪ್ಪೊಪ್ಪಿಗೆ ಆಗಿ ಫೈಲಿನಲ್ಲಿ ಕೂರುತ್ತದೆ. ವಿಚಾರಣೆಯ ದಿನ ಹೋಗದೆ ಕುಳಿತರೆ ಎಕ್ಸ್‌ಪಾರ್ಟಿ. ಹೋಗಿ, ಓದದೆ ಸಹಿ ಹಾಕಿದರೆ ಅದಕ್ಕಿಂತ ಕೆಟ್ಟದ್ದು. ಹೋಗಬೇಕು, ಓದಬೇಕು, ಒಪ್ಪಿಗೆ ಇಲ್ಲದಿದ್ದರೆ ಸಹಿಯ ಪಕ್ಕ ಒಪ್ಪಿಗೆ ಇಲ್ಲ ಅಂತ ಬರೆಯಬೇಕು.

ಅಮಾನತಿನಲ್ಲಿಟ್ಟು ವಿಚಾರಣೆಯನ್ನು ವರ್ಷಗಟ್ಟಲೆ ಎಳೆಯುವುದು ಇನ್ನೊಂದು ಹಳೇ ಚಾಳಿ. ಹೊಸ ಸಂಹಿತೆ ಇದಕ್ಕೆ ಗಡುವು ಹಾಕಿದೆ. ಅಮಾನತು ಮಾಡಿದ ದಿನದಿಂದ ಸಾಮಾನ್ಯವಾಗಿ 90 ದಿನದೊಳಗೆ ವಿಚಾರಣೆ ಮುಗಿಯಬೇಕು. ಮೊದಲ 90 ದಿನ ಅರ್ಧ ಸಂಬಳದಷ್ಟು ಜೀವನಾಧಾರ ಭತ್ಯೆ, ಆಮೇಲೆ ನೌಕರನಿಂದ ತಡವಾಗದಿದ್ದರೆ ಮುಕ್ಕಾಲು ಭಾಗ.

ಕೇಸು ಕೋರ್ಟಿಗೆ ಹೋದ ಮೇಲೆ ಮೊದಲ ಪ್ರಶ್ನೆ 'ಇವನು ಕದ್ದನೇ?' ಅಂತ ಅಲ್ಲ. 'ವಿಚಾರಣೆ ನ್ಯಾಯವಾಗಿ ನಡೆಯಿತೇ?' ಅಂತ. ನಡೆದಿಲ್ಲ ಅಂತ ತೀರ್ಮಾನವಾದರೆ ಮ್ಯಾನೇಜ್‌ಮೆಂಟು ಕೋರ್ಟಿನಲ್ಲೇ ಹೊಸದಾಗಿ ಆರೋಪ ಸಾಬೀತು ಮಾಡಬಹುದು. ಆದರೆ ಆ ಅವಕಾಶ ಬೇಕು ಅಂತ ತನ್ನ ಮೊದಲ ಹೇಳಿಕೆಯಲ್ಲೇ ಕೇಳಿಕೊಂಡಿರಬೇಕು. 2001ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಇದನ್ನು ಇತ್ಯರ್ಥ ಮಾಡಿದ್ದೂ ಕರ್ನಾಟಕ ಸಾರಿಗೆ ಸಂಸ್ಥೆಯ ಕೇಸಿನಲ್ಲೇ. ಆರೋಪ ನಿಜ ಅಂತಾದರೂ ಕೊನೆಯ ಮೆಟ್ಟಿಲು ಒಂದು ಉಳಿದಿರುತ್ತದೆ: ಶಿಕ್ಷೆ ಹೆಚ್ಚಾಯಿತೇ? 1971ರ ಡಿಸೆಂಬರ್‌ನಲ್ಲಿ ಹಳೇ ಕಾಯಿದೆಗೆ ಸೇರಿದ 11-ಎ ಕಲಂ ಈ ಅಧಿಕಾರ ಕೊಟ್ಟಿತು. ವಜಾ ರದ್ದು ಮಾಡಿ ಇನ್‌ಕ್ರಿಮೆಂಟ್ ಕಡಿತದಂಥ ಸಣ್ಣ ಶಿಕ್ಷೆ ಕೊಡುವ ಈ ಅಧಿಕಾರ ಹೊಸ ಸಂಹಿತೆಯಲ್ಲೂ ಮುಂದುವರಿದಿದೆ.

ಬಾಗಿಲು ಎಲ್ಲಿದೆ, ಎಷ್ಟು ಹೊತ್ತು ತೆರೆದಿರುತ್ತದೆ?

1947ರಲ್ಲಿ ಕಾಯಿದೆ ಬಂದಾಗ ವಜಾ ಆದ ಒಬ್ಬಂಟಿ ಕಾರ್ಮಿಕ ತಾನಾಗಿ ವಿವಾದ ಎತ್ತುವಂತಿರಲಿಲ್ಲ. ಸಂಘವೋ ಸಹೋದ್ಯೋಗಿಗಳ ಗುಂಪೋ ಬೆನ್ನಿಗೆ ನಿಲ್ಲಬೇಕಿತ್ತು. ಸಂಘವಿಲ್ಲದವನಿಗೆ ದೇವರೇ ಗತಿ. 1965ರ ತಿದ್ದುಪಡಿ ಒಬ್ಬನ ವಜಾವನ್ನೂ ಕೈಗಾರಿಕಾ ವಿವಾದ ಅಂತ ಒಪ್ಪಿತು. ಆದರೂ ಸರ್ಕಾರ ರೆಫರೆನ್ಸ್ ಮಾಡಿದರೆ ಮಾತ್ರ ಕೋರ್ಟು. ವಿಧಾನಸೌಧದ ಯಾವುದೋ ಮೇಜಿನ ಮೇಲೆ ಫೈಲು ನಿದ್ದೆ ಹೋದರೆ ಕಾರ್ಮಿಕನ ನಿದ್ದೆ ಹೋಯಿತು. ಇಲ್ಲಿ ಕರ್ನಾಟಕ ದೇಶಕ್ಕಿಂತ ಮುಂದೆ ಇತ್ತು. 1988ರಲ್ಲಿ ರಾಜ್ಯ ತನ್ನದೇ ತಿದ್ದುಪಡಿ ತಂದು, ವಜಾ ಆದೇಶ ಕೈಸೇರಿದ ಆರು ತಿಂಗಳೊಳಗೆ ನೇರವಾಗಿ ಕಾರ್ಮಿಕ ನ್ಯಾಯಾಲಯಕ್ಕೆ ಅರ್ಜಿ ಹಾಕುವ ಹಕ್ಕು ಕೊಟ್ಟಿತು. ದೇಶಕ್ಕೆಲ್ಲ ಇಂಥ ದಾರಿ ತೆರೆದದ್ದು 2010ರಲ್ಲಿ.

ಈಗ ದಾರಿ ಮತ್ತೆ ಬದಲಾಗಿದೆ. ಹೊಸ ಸಂಹಿತೆಯಲ್ಲಿ ಸರ್ಕಾರದ ರೆಫರೆನ್ಸ್ ಬೇಕಿಲ್ಲ. ಮೊದಲು ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿ ಮುಂದೆ ಹೋಗಬೇಕು. ವಿವಾದ ಹುಟ್ಟಿ ಎರಡು ವರ್ಷ ದಾಟಿದರೆ ಸಂಧಾನ ನಡೆಸುವಂತಿಲ್ಲ. ಸಂಧಾನ 45 ದಿನದೊಳಗೆ ಮುಗಿಯಬೇಕು. ಮುರಿದುಬಿದ್ದರೆ ಅಧಿಕಾರಿಯ ವರದಿ ಕೈಸೇರಿದ 90 ದಿನದೊಳಗೆ ನ್ಯಾಯಮಂಡಳಿಗೆ ಅರ್ಜಿ. ಮಂಡಳಿಯಲ್ಲಿ ಇಬ್ಬರು, ಒಬ್ಬರು ನ್ಯಾಯಾಂಗದವರು, ಒಬ್ಬರು ಆಡಳಿತದವರು. ಹೊಸ ಮಂಡಳಿಗಳು ರಚನೆಯಾಗುವವರೆಗೆ ಹಳೇ ನ್ಯಾಯಾಲಯಗಳೇ ಕೇಸು ನಡೆಸಲಿ ಅಂತ ಕೇಂದ್ರ ಸರ್ಕಾರ 2025ರ ಡಿಸೆಂಬರ್‌ನಲ್ಲಿ ಆದೇಶ ಹೊರಡಿಸಿತು.

ಕಾಗದದಲ್ಲಿ ಈ ಗಡುವುಗಳು ಚೆಂದ. ಆದರೆ ಗಡುವು ಎರಡು ಅಲಗಿನ ಚಾಕು. ಅಧಿಕಾರಿ 45 ದಿನ ದಾಟಿಸಿದರೆ ಅವನ ಸಂಬಳ ನಿಲ್ಲುವುದಿಲ್ಲ. ಕಾರ್ಮಿಕ 90 ದಿನ ದಾಟಿಸಿದರೆ ಕೇಸೇ ಕೈತಪ್ಪಬಹುದು. 'ಸಾಹೇಬರು ಕರೆದು ವಾಪಸ್ ತಗೋತೀನಿ ಅಂದಾರ, ಹಬ್ಬ ಮುಗೀಲಿ ಅಂದಾರ' ಅಂತ ಕಾಯುತ್ತ ಕುಳಿತವನಿಗೆ ಹಬ್ಬವೂ ಮುಗಿಯುತ್ತದೆ, ಗಡುವೂ ಮುಗಿಯುತ್ತದೆ.

ಕೇಸು ನಡೆಯುತ್ತಿರುವಾಗ ಇನ್ನೊಂದು ರಕ್ಷಣೆ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. ಸಂಬಳವೋ ಮತ್ತೊಂದೋ ವಿವಾದ ನ್ಯಾಯಮಂಡಳಿ ಮುಂದೆ ಬಾಕಿ ಇದ್ದಾಗ ಆ ವಿವಾದಕ್ಕೆ ಸೇರಿದ ಕಾರ್ಮಿಕನನ್ನು ಬೇರೆ ತಪ್ಪಿಗಾಗಿ ವಜಾ ಮಾಡಬೇಕಾದರೂ ಒಂದು ತಿಂಗಳ ಸಂಬಳ ಕೊಟ್ಟು ಮಂಡಳಿಯ ಒಪ್ಪಿಗೆ ಕೇಳಬೇಕು. ಕೇಳದಿದ್ದರೆ, ಕೇಳಿದರೂ ಸಿಗದಿದ್ದರೆ ಆ ವಜಾ ನಡೆದೇ ಇಲ್ಲ ಅಂತ ಲೆಕ್ಕ. 2002ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದ ಮಾತು ಇದು. ಸಂಬಳ ಕೇಳಿದ್ದಕ್ಕೆ ಸೇಡು ತೀರಿಸಿಕೊಳ್ಳದಿರಲಿ ಅಂತಲೇ ಈ ಬೇಲಿ.

ಗೆದ್ದವನ ಕೈಗೆ ಏನು ಬಂತು?

ಐವತ್ತರ ವಯಸ್ಸಿನಲ್ಲಿ ಒಬ್ಬ ವಜಾ ಆದ ಅಂತ ಇಟ್ಟುಕೊಳ್ಳೋಣ. ಕಾರ್ಮಿಕ ನ್ಯಾಯಾಲಯದಲ್ಲಿ ಗೆದ್ದ. ಮ್ಯಾನೇಜ್‌ಮೆಂಟು ಹೈಕೋರ್ಟಿಗೆ ಹೋಯಿತು. ಅಲ್ಲಿ ಏಕಸದಸ್ಯ ಪೀಠ, ಆಮೇಲೆ ಮೇಲ್ಮನವಿ. ಅರವತ್ತು ಬಂತು. 'ಮರಳಿ ಕೆಲಸಕ್ಕೆ ತೆಗೆದುಕೊಳ್ಳಿ' ಅಂತ ಆರ್ಡರು ಬರುವ ಹೊತ್ತಿಗೆ ನಿವೃತ್ತಿ ವಯಸ್ಸು ದಾಟಿದೆ. ಹಾವೇರಿಯಿಂದಲೋ ಗದಗದಿಂದಲೋ ಹುಬ್ಬಳ್ಳಿ ಕೋರ್ಟಿಗೆ ತಾರೀಖಿಗೊಮ್ಮೆ ಬಂದು ಹೋಗುವ ಬಸ್ ಚಾರ್ಜು, ವಕೀಲರ ಫೀಸು, ಆ ದಿನದ ಕೂಲಿ ಎಲ್ಲ ಕೂಡಿಸಿದರೆ ಗೆದ್ದವನು ಗೆದ್ದಷ್ಟು ಸೋತಿರುತ್ತಾನೆ.

ಇದಕ್ಕೆ ಕಾಯಿದೆಯಲ್ಲಿ ಮದ್ದು ಇಲ್ಲವೆಂದಲ್ಲ. ಮರುನೇಮಕದ ಆದೇಶದ ವಿರುದ್ಧ ಮಾಲೀಕ ಹೈಕೋರ್ಟಿಗೋ ಸುಪ್ರೀಂ ಕೋರ್ಟಿಗೋ ಹೋದರೆ, ಕೇಸು ಮುಗಿಯುವವರೆಗೆ ಕೊನೆಯ ಸಂಬಳದ ದರದಲ್ಲಿ ಪೂರ್ತಿ ವೇತನ ಕೊಡಬೇಕು. ಬೇರೆ ಎಲ್ಲೂ ಕೆಲಸದಲ್ಲಿಲ್ಲ ಅಂತ ಕಾರ್ಮಿಕ ಅಫಿಡವಿಟ್ ಹಾಕಬೇಕು. 1984ರಲ್ಲಿ ಬಂದ ಈ ನಿಯಮ ಹೊಸ ಸಂಹಿತೆಯಲ್ಲೂ ಉಳಿದಿದೆ. ಹಿಂದಿನ ಬಾಕಿ ಸಂಬಳದ ಬಗ್ಗೆ 2013ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು: ವಜಾ ತಪ್ಪು ಅಂತಾದರೆ ಸೇವಾ ಮುಂದುವರಿಕೆ ಮತ್ತು ಬಾಕಿ ವೇತನ ಕೊಡುವುದೇ ಸಾಮಾನ್ಯ ನಿಯಮ. ತಾನು ಬೇರೆಡೆ ದುಡಿಯುತ್ತಿರಲಿಲ್ಲ ಅಂತ ಕಾರ್ಮಿಕ ಹೇಳಬೇಕು, ದುಡಿಯುತ್ತಿದ್ದ ಅನ್ನುವುದಾದರೆ ಮಾಲೀಕ ತೋರಿಸಬೇಕು.

ದಿನಗೂಲಿ, ಗುತ್ತಿಗೆಯವರ ಪಾಡು ಇದಕ್ಕಿಂತ ತೆಳು. ಅವರಿಗೆ ನೋಟಿಸ್ ಕೊಡದೆ ತೆಗೆದದ್ದು ತಪ್ಪು ಅಂತ ಸಾಬೀತಾದರೂ ಇತ್ತೀಚಿನ ವರ್ಷಗಳ ತೀರ್ಪುಗಳಲ್ಲಿ ಕೆಲಸದ ಬದಲು ಒಂದು ಇಡುಗಂಟು ಕೊಟ್ಟು ಕಳಿಸಿದ್ದೇ ಹೆಚ್ಚು. ಕೆಲವರಿಗೆ ವಜಾ ಆದೇಶವೂ ಇರುವುದಿಲ್ಲ. ಗೇಟಿನ ವಾಚ್‌ಮ್ಯಾನ್ 'ನಾಳೆಯಿಂದ ಬರಬ್ಯಾಡ' ಅಂದರೆ ಅದೇ ಆದೇಶ. ಅಂಥವನು ಅದೇ ದಿನ ಮಾಲೀಕನಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ 'ಕೆಲಸಕ್ಕೆ ಬಂದೆ, ಗೇಟಿನಲ್ಲಿ ತಡೆದರು' ಅಂತ ಒಂದು ಕಾಗದ ಹಾಕಿದರೆ ತಾರೀಖು ಹುಟ್ಟುತ್ತದೆ. ಹಾಕದಿದ್ದರೆ ನಾಳೆ ಮಾಲೀಕ 'ಅವನೇ ಬಿಟ್ಟುಹೋದ' ಅನ್ನುತ್ತಾನೆ. ಎರಡು ಮಾತಿನ ನಡುವೆ ಒಂದೂ ಕಾಗದವಿಲ್ಲದಿದ್ದರೆ ಕೋರ್ಟು ಯಾರನ್ನು ನಂಬಬೇಕು?

ಅಂಗಡಿಯವರೂ ಕೇಳಬೇಕಾದ ಮಾತು

ದುರ್ಗದಬೈಲಿನ ಬಟ್ಟೆ ಅಂಗಡಿಯವರು, ಸ್ಟೇಶನ್ ರೋಡಿನ ಹೋಟೆಲಿನವರು 'ಇದೆಲ್ಲ ದೊಡ್ಡ ಫ್ಯಾಕ್ಟರಿ ವಿಚಾರ, ನಮಗೇನ್ರೀ' ಅನ್ನಬಹುದು. ಹಾಗಲ್ಲ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಯ 39ನೇ ಕಲಂ ಬರೆದದ್ದೇ ಅಂಗಡಿ ಹುಡುಗರಿಗಾಗಿ. ಆರು ತಿಂಗಳು ಸತತ ಕೆಲಸ ಮಾಡಿದವನನ್ನು ನ್ಯಾಯವಾದ ಕಾರಣವಿಲ್ಲದೆ ತೆಗೆಯುವಂತಿಲ್ಲ. ತೆಗೆಯುವುದಾದರೆ ಒಂದು ತಿಂಗಳ ನೋಟಿಸ್, ಇಲ್ಲವೇ ಒಂದು ತಿಂಗಳ ಸಂಬಳ. ಕಳವಿನಂಥ ದುರ್ನಡತೆ ಅಂತಾದರೆ ನೋಟಿಸ್ ಬೇಡ, ಆದರೆ ವಿಚಾರಣೆ ಮಾಡಿ ಸಾಕ್ಷ್ಯ ದಾಖಲಿಸಿರಬೇಕು. ತೆಗೆದುಹಾಕಿದವನು ಮೇಲ್ಮನವಿ ಹಾಕಬಹುದು.

ನೇಮಕದ ದಿನ ಒಂದು ಕಾಗದ, ತಿಂಗಳಿಗೊಂದು ಸಂಬಳದ ಸಹಿ, ತಪ್ಪು ಮಾಡಿದರೆ ಒಂದು ಮೆಮೋ. ಇಷ್ಟಿದ್ದರೆ ಒಳ್ಳೇ ಮಾಲೀಕನಿಗೂ ರಕ್ಷೆ. ಗಲ್ಲೆಗೆ ಕೈಹಾಕಿದ ಹುಡುಗನನ್ನು ಬಾಯಿಮಾತಿನಲ್ಲಿ ಓಡಿಸಿ, ಆಮೇಲೆ ಅಧಿಕಾರಿಯ ಮುಂದೆ ತಾನೇ ಕಳ್ಳನಂತೆ ನಿಲ್ಲುವ ಮಾಲೀಕ ಸೋಲುವುದೂ ಕಾಗದ ಇಲ್ಲದ್ದರಿಂದಲೇ.

ನೋಡಿದವರು ಎಲ್ಲಿ?

ಎಲ್ಲ ಕಾಗದ ಇದ್ದರೂ ಒಂದು ಕೊರತೆ ಉಳಿಯುತ್ತದೆ. ಪಕ್ಕದ ಮೆಶೀನಿನವನು. ಅವನು ಎಲ್ಲ ನೋಡಿದ್ದಾನೆ. ಸಾಹೇಬರು 'ಸಂಘದ ಚೀಟಿ ಹರಿದು ಹಾಕು, ಇಲ್ಲಾಂದ್ರ ಮನಿ ದಾರಿ ಹಿಡಿ' ಅಂದದ್ದನ್ನು ಕಿವಿಯಾರೆ ಕೇಳಿದ್ದಾನೆ. ಚಹಾದಂಗಡಿಯಲ್ಲಿ ಎಲ್ಲರಿಗೂ ಹೇಳುತ್ತಾನೆ. ಕೋರ್ಟಿಗೆ ಬಾರೋ ಅಂದರೆ 'ನನಗೂ ಹೆಂಡ್ರು ಮಕ್ಕಳು ಅದಾವು' ಅನ್ನುತ್ತಾನೆ. ತಪ್ಪೂ ಅಲ್ಲ. ಒಬ್ಬನ ವಜಾ ಒಬ್ಬನಿಗಾಗಿ ಮಾಡಿದ್ದಲ್ಲ, ಉಳಿದ ನೂರು ಜನರ ಬಾಯಿಗೆ ಹಾಕಿದ ಬೀಗ ಅದು.

ಕಾಯಿದೆ ಆ ಪಕ್ಕದ ಮೆಶೀನಿನವನನ್ನೂ ನೆನೆಸಿಕೊಂಡಿದೆ. ಮಾಲೀಕನ ವಿರುದ್ಧ ದೂರು ಕೊಟ್ಟದ್ದಕ್ಕೆ ಅಥವಾ ಸಾಕ್ಷಿ ಹೇಳಿದ್ದಕ್ಕೆ ಕೆಲಸದಿಂದ ತೆಗೆಯುವುದು, ಭೇದ ಮಾಡುವುದು ಅದೇ ಪಟ್ಟಿಯಲ್ಲಿ ಅನುಚಿತ ಪದ್ಧತಿಯಾಗಿ ಸೇರಿದೆ. ಆದರೆ ಆ ರಕ್ಷಣೆ ಅವನ ಕಿವಿಗೆ ಬಿದ್ದಿರುವುದಿಲ್ಲ. ನೋಟಿಸ್ ಬೋರ್ಡಿನ ಮೇಲೆ 'ಧೂಮಪಾನ ನಿಷೇಧ' ಇರುತ್ತದೆ, ಇದು ಇರುವುದಿಲ್ಲ.

ಹೊಸ ಸಂಹಿತೆ ಒಳ್ಳೆಯದೋ ಕೆಟ್ಟದ್ದೋ ಅಂತ ಪುಢಾರಿಗಳು ವೇದಿಕೆ ಮೇಲೆ ವಾದ ಮಾಡಲಿ. ವಜಾ ಆದವನಿಗೆ ಬೇಕಾದದ್ದು ಮೂರೇ ಸಂಗತಿ. ಸಂಧಾನಾಧಿಕಾರಿಯ ಕಚೇರಿಯಲ್ಲಿ 45 ದಿನ ಅಂದರೆ 45 ದಿನವೇ ಆಗಬೇಕು. ನ್ಯಾಯಮಂಡಳಿಯ ಕುರ್ಚಿ ಖಾಲಿ ಇರಬಾರದು, ಅದೂ ಜಿಲ್ಲೆಯಿಂದ ದಿನದೊಳಗೆ ಹೋಗಿ ಬರುವಷ್ಟು ಹತ್ತಿರ ಇರಬೇಕು. ಪ್ರತಿ ಫ್ಯಾಕ್ಟರಿ, ಡಿಪೋ, ದೊಡ್ಡ ಅಂಗಡಿಯ ಗೋಡೆ ಮೇಲೆ ಆ ಎರಡನೇ ಪರಿಶಿಷ್ಟದ ಪಟ್ಟಿಯನ್ನು ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಹಚ್ಚಬೇಕು. ಇದಕ್ಕೆ ಹೊಸ ಕಾನೂನು ಬೇಡ. ಒಂದು ಸುತ್ತೋಲೆ, ಒಂದಿಷ್ಟು ಅಂಟು ಸಾಕು.

ಕಾರ್ಮಿಕ ಇಲಾಖೆಯ ಸಾಹೇಬರು ಗೋಡೆ ಹುಡುಕುತ್ತಾರೋ, ನೆಪ ಹುಡುಕುತ್ತಾರೋ?